ನಳದ ಗಂಟೆ

ಕುಷಾಯಿಗೂಡದ ನಮ್ಮ ಕಾಕಾ ಒಂದು ಗಂಟೆ ಮಾಡಿದ್ದರು. ನಳಕ್ಕೆ ನೀರು ಬರುವ ಮೊದಲು ಗಾಳಿ ನುಗ್ಗುತ್ತದಲ್ಲ, ಆ ಗಾಳಿಗೇ ಅದು ಹೊಡೆದುಕೊಳ್ಳುತ್ತಿತ್ತು. ನಾಂಪಲ್ಲಿಯ ದೊಡ್ಡ ವಸ್ತುಪ್ರದರ್ಶನವಾದ ನುಮಾಯಿಷ್‌ನಲ್ಲಿ ಅಂಥವೇ ಇನ್ನಷ್ಟು ಮಾಡಿ ಅಂಗಡಿ ಹಾಕಿದರೂ ಒಂದೂ ಮಾರಾಟವಾಗಲಿಲ್ಲ. ಓಣಿಯವರೂ ಕೊಳ್ಳಲಿಲ್ಲ. ಕಾಕಾರ ಮನೆಯ ಗಂಟೆ ಎಲ್ಲರಿಗೂ ಪುಕ್ಕಟೆ ಕೇಳುತ್ತಿತ್ತು, ಮತ್ತೇಕೆ ಕೊಳ್ಳುತ್ತಾರೆ? ನನಗೆ ಆ ಓಣಿಯವರ ಮೇಲೆ ಇಂದಿಗೂ ಸಿಟ್ಟಿದೆ.

ಕಾಕಾ ತೀರಿಕೊಂಡ ಮೇಲೆ ಅವರ ಹೆಂಡತಿ, ನಮ್ಮ ಕಾಕು, "ಇದರ ಸಪ್ಪಳ ನನಗ ಇನ್ನ ತಡಕೊಳ್ಳಾಕ ಆಗೂದಿಲ್ಲ, ಬಿಚ್ಚಿ ಒಯ್ಯಿ," ಎಂದರು. ಬಿಚ್ಚಿದ ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಅದು ಸದ್ದಿಲ್ಲದೆ ಬಿದ್ದಿತ್ತು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಕೊಡ ಹಿಡಿದು ಹೊರಬಂದರು.

"ನೀರು ಇನ್ನೂ ಬಂದಿಲ್ರಿ," ಎಂದೆ.

"ಈಗ ಗಂಟಿ ಹೊಡೀತಲ್ರಿ," ಎಂದಳು ಎದುರುಮನೆಯಾಕೆ.

ಆಮೇಲೆ ನನ್ನ ಬೆನ್ನ ಹಿಂದಿನ ನಳದಲ್ಲಿ ಗಾಳಿ ನುಗ್ಗಿತು.