ದೋಣಿಯಕ್ಕ ತೊಟ್ಟಿಗೆ ತಲೆ ಹಾಕಿದ್ದು

ದೋಣಿಯಕ್ಕ ಹುಟ್ಟಿನಿಂದಲೇ ಹುಟ್ಟು ಹಿಡಿದವಳು. ಅಪ್ಪನ ದೋಣಿ, ಅಪ್ಪನ ಬಲೆ, ಅಪ್ಪನದೇ ಗಟ್ಟಿ ಗಂಟಲು, ಮೂರೂ, ಪಾಲು ಕೇಳುವವರಿಲ್ಲದೆ, ಅವಳಿಗೇ ಬಂದಿದ್ದವು. ಗಂಡ ದರ್ಜಿ. ದಡದ ಮೇಲಿನ ಬೀದಿಯಲ್ಲಿ ಕಿಟಕಿಯಷ್ಟೇ ಅಗಲದ ಅಂಗಡಿ ಅವನದು. ಮೊದಲ ದರ್ಜೆಯ ದರ್ಜಿ ಎಂದು ತಾನೇ ಹೇಳಿಕೊಳ್ಳುತ್ತಿದ್ದ, ಬೇರೆ ಯಾರೂ ಹೇಳದ ಕಾರಣಕ್ಕೆ. ದೋಣಿಗೆ ಕಾಲಿಟ್ಟರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ನೀರು ಅವಳ ಇಲಾಖೆ, ನೆಲ ಅವನ ಇಲಾಖೆ. ಜಗಳಕ್ಕೆ ಮಾತ್ರ ಇಬ್ಬರೂ ದಡದಲ್ಲಿ ಸೇರುತ್ತಿದ್ದರು.

ಅವಳು ಬಲೆ ಬೀಸುತ್ತಿದ್ದ ಸರೋವರದಲ್ಲಿ ದಪ್ಪ ತುಟಿಯ ಒಂದು ಮೀನಿತ್ತು. ಜನ ಅದನ್ನು ತುಟಿಮೀನು ಎನ್ನುತ್ತಿದ್ದರು. ಸದಾ ಯಾರ ಮೇಲೋ ಮುನಿಸಿಕೊಂಡಂತಿದ್ದ ಮುಖ. ಅಪ್ಪನ ಕಾಲದಲ್ಲಿ ಬಲೆ ಹರಿಯುವಷ್ಟು ಸಿಗುತ್ತಿತ್ತಂತೆ. ಈಗ ವಾರವೆಲ್ಲ ಬೀಸಿದರೂ ಬುಟ್ಟಿಯ ತಳ ಕಾಣುತ್ತಿತ್ತು. ಆಚೆ ದಡದಲ್ಲಿದ್ದ ಮೀನುಮರಿ ಕೇಂದ್ರದ ಡಾಕ್ಟರಮ್ಮ ಒಂದು ದಿನ ಈಚೆ ಬಂದು ನೇರವಾಗಿ ಕೇಳಿದಳು: "ನನಗೆ ತುಟಿಮೀನು ಬೇಕು. ತಿನ್ನೋಕಲ್ಲ, ಮರಿ ಮಾಡಿಸೋಕೆ. ಜೀವಂತ ತಂದುಕೊಟ್ರೆ ಮರಿಗಳನ್ನ ಇದೇ ನೀರಿಗೆ ವಾಪಸ್ ಬಿಡ್ತೀನಿ."

ಜೀವಮಾನವೆಲ್ಲ ಮೀನಿನ ಜೀವ ತೆಗೆದವಳಿಗೆ ಜೀವ ಉಳಿಸುವ ಕೆಲಸ! ಆದರೂ ದೋಣಿಯಕ್ಕ ಮೀನಮೇಷ ಎಣಿಸಲಿಲ್ಲ. ದೋಣಿಯ ನಡುವಿನ ಹಲಗೆ ಕಿತ್ತು ಅಲ್ಲೊಂದು ತೊಟ್ಟಿ ಕೂರಿಸಿದಳು. ದೋಣಿಯ ತಳಕ್ಕೆ ಒಂದು ತೂತು; ತೂತಿನ ಹೊರಗೆ, ನೀರು ಎತ್ತಿಕೊಳ್ಳಲು, ಸೌಟಿನಂಥ ಒಂದು ಲೋಹದ ಬಾಯಿ; ಒಳಗೆ ಪುಟ್ಟ ಪಂಪು. ಪಂಪು ಹೊಸ ನೀರನ್ನು ಎಳೆದು ಮೇಲಿನಿಂದ ತೊಟ್ಟಿಗೆ ಚಿಮ್ಮಿಸಬೇಕು, ಹಳೆಯ ನೀರು ಅಂಚಿನ ಕೊಳವೆಯಿಂದ ಹೊರಗೆ ಹರಿಯಬೇಕು. ಮೀನಿಗೆ ಉಸಿರು ಸಿಗುವುದು ಆ ಹೊಸ ನೀರಿನಿಂದಲೇ. ದೂರದ ದಾರಿಯೆಂದು ಎಂಜಿನ್ನನ್ನೂ ಬದಲಿಸಿ ಜೋರಿನದನ್ನು ಹಾಕಿಸಿದಳು.

ಮೊದಲ ಸಲ ಆಚೆ ದಡ ಮುಟ್ಟಿ ಮುಚ್ಚಳ ತೆಗೆದರೆ ಮೀನುಗಳೆಲ್ಲ ಹೊಟ್ಟೆ ಮೇಲಕ್ಕೆ ಮಾಡಿ ತೇಲುತ್ತಿದ್ದವು. ಎರಡನೇ ಸಲವೂ ಅದೇ ಪಾಡು.

ಎಂಜಿನ್ ಮೇಸ್ತ್ರಿ ಬಂದ. ಕಟ್ಟಿಹಾಕಿದ ದೋಣಿಯಲ್ಲೇ ಸ್ವಿಚ್ ಒತ್ತಿದ. ನೀರು ಭರ್ರೆಂದು ಚಿಮ್ಮಿತು. "ನೋಡಕ್ಕ, ಮದುವೆ ಮನೆ ಕಾರಂಜಿ ಇದ್ದಂಗಿದೆ! ಪಂಪಿಗೇನೂ ಆಗಿಲ್ಲ. ನಿನ್ನ ಮೀನಿಗೇ ಏನೋ ಆಗಿದೆ."

ದರ್ಜಿಯ ವಾದವೇ ಬೇರೆ. "ಹೊಸ ಎಂಜಿನ್ ಸದ್ದಿಗೆ ಎದೆ ಒಡೆದು ಸತ್ತಿರ್ತಾವೆ ಕಣೆ. ನಿನ್ನ ಗಂಟಲನ್ನ ನಾನು ಇಷ್ಟು ವರ್ಷ ತಡಕೊಂಡಿರೋದೇ ಹೆಚ್ಚು."

"ನೀನು ತುಟಿ ಹೊಲ್ಕೊಂಡು ಕೂತ್ಕೋ. ದಾರ ಬೇಕಾದ್ರೆ ನಾನು ಪೋಣಿಸಿ ಕೊಡ್ತೀನಿ."

ಬಾಯಲ್ಲಿ ಹಾಗೆಂದರೂ ಡಾಕ್ಟರಮ್ಮನ ಮಾತು ಅವಳನ್ನು ಕೊರೆಯುತ್ತಿತ್ತು. ಡಾಕ್ಟರಮ್ಮ ಬೈದಿರಲಿಲ್ಲ, ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಅವಳು ಹೇಳಿದ್ದು ಇಷ್ಟೇ: "ಮೊಟ್ಟೆ ಇಡೋ ಕಾಲ ಮುಗೀತಾ ಬಂತು. ಈ ಶನಿವಾರವೂ ಸತ್ತ ಮೀನೇ ಬಂದ್ರೆ ಬೇರೆ ಕಡೆಯ ಬೇರೆ ಜಾತಿ ಮೀನನ್ನ ಲಾರಿಯಲ್ಲಿ ತರಿಸ್ಬೇಕಾಗುತ್ತೆ. ನಮ್ಮ ಕೇಂದ್ರದ ಕೊಳ ಖಾಲಿ ಇಡೋಕಾಗಲ್ಲ. ಇಲ್ಲಿನ ತುಟಿಮೀನಿನ ಕತೆ ಇಲ್ಲಿಗೇ ಮುಗಿದ ಹಾಗೆ." ಆಮೇಲೆ ಸ್ವಲ್ಪ ಯೋಚಿಸಿ ಕೇಳಿದ್ದಳು: "ಅಲ್ಲ, ಅವು ದಾರೀಲಿ ಎಲ್ಲಿ ಸಾಯ್ತಾವೆ?"

"ಯಾರಿಗೆ ಗೊತ್ತು? ನಾನು ಚುಕ್ಕಾಣಿ ಹಿಡಿದಿರ್ತೀನಿ. ತೊಟ್ಟಿಗೆ ಮುಚ್ಚಳ ಹಾಕಿರುತ್ತೆ."

"ಯಾರಾದ್ರೂ ನೋಡ್ಬೇಕಲ್ಲ."

ಯಾರಾದರೂ ಎಂದರೆ ಯಾರು? ಮರುದಿನ ಬೆಳಿಗ್ಗೆ ದೋಣಿಯಕ್ಕ ಅಂಗಡಿಗೆ ಹೋಗಿ, ಕೈಯಲ್ಲಿ ಕತ್ತರಿ ಹಿಡಿದಿದ್ದ ಗಂಡನನ್ನು ಹಾಗೇ ಕರೆತಂದಳು. ಯಾರದೋ ಅರ್ಧ ಅಂಗಿ ಮೇಜಿನ ಮೇಲೇ ಉಳಿಯಿತು. ತೊಟ್ಟಿಯಲ್ಲಿ ಮೀನಿಲ್ಲ, ಬರೀ ನೀರು. ಚುಕ್ಕಾಣಿ ಅವನ ಕೈಗೆ ಕೊಟ್ಟಳು. "ಆ ಒಣಗಿದ ಮರ ಕಾಣುತ್ತಲ್ಲ, ಅದನ್ನೇ ನೋಡ್ತಾ ನೇರ ಹೋಗು. ಬಟ್ಟೆ ಕತ್ತರಿಸ್ತೀಯಲ್ಲ, ಹಾಗೆ." ತಾನು ಬೋರಲು ಮಲಗಿ ತೊಟ್ಟಿಗೆ ತಲೆ ಹಾಕಿದಳು.

ದೋಣಿ ನಿಧಾನ ಹೋಗುವಾಗ ನೀರು ಚೆನ್ನಾಗಿಯೇ ಬೀಳುತ್ತಿತ್ತು. "ಜೋರು ಮಾಡು" ಎಂದಳು. ದೋಣಿ ಮೂತಿ ಎತ್ತಿ ಓಡತೊಡಗಿದಂತೆ ಧಾರೆ ಸಣ್ಣಗಾಯಿತು, ಕೆಮ್ಮಿತು, ಎರಡು ಸಲ ಉಗುಳಿತು, ನಿಂತೇಹೋಯಿತು. ಪಂಪು ಮಾತ್ರ ಏನೂ ಆಗದವರ ಹಾಗೆ ಗುಂಯ್ ಎನ್ನುತ್ತಲೇ ಇತ್ತು. "ನಿಧಾನ ಮಾಡು!" ಮಾಡಿದ. ಊಹೂಂ, ನೀರಿಲ್ಲ. ಕೊಳವೆಗೆ ಕಿವಿಯಿಟ್ಟಳು. ಒಳಗೆ ಬರೀ ಗಾಳಿ. ಸದ್ದು ಜೋರು, ಕೆಲಸ ಸೊನ್ನೆ, ಗಾಳಿಮಾತಿನ ಹಾಗೆ. ಕೊಳವೆಯ ಕಟ್ಟು ಸಡಿಲಿಸಿ ಗಾಳಿ ಬಿಟ್ಟ ಮೇಲೆ ಮತ್ತೆ ನೀರು ಬಂತು. ಜೋರು ಮಾಡಿದರೆ ಮತ್ತೆ ನಿಂತಿತು.

ಅಂದರೆ ದಡದಲ್ಲಿ ಕಾರಂಜಿ, ದಾರಿಯಲ್ಲಿ ಬರಗಾಲ. ಮೀನುಗಳು ಉಸಿರುಗಟ್ಟಿ ಸತ್ತಿದ್ದವು.

"ಓಡುವಾಗ್ಲೇ ಯಾಕೆ ನಿಲ್ಲುತ್ತೆ?" ಎಂದಳು, ಮುಖದ ನೀರು ಒರೆಸಿಕೊಳ್ಳುತ್ತಾ. "ಓಡಿದ್ರೆ ನೀರು ಇನ್ನೂ ಜಾಸ್ತಿ ನುಗ್ಗಬೇಕಲ್ವಾ?"

ದರ್ಜಿ ಆಗಲೇ ದೋಣಿಯ ಓಲಾಟಕ್ಕೆ ಬಿಳಿಚಿಕೊಂಡಿದ್ದ. ಆದರೂ ಬಟ್ಟೆಯ ವಿಷಯ ಅವನಿಗೆ ಹೊಳೆಯಿತು. "ಒಣಹಾಕಿದ ಅಂಗಿ ನೋಡಿದ್ದೀಯಾ? ತೋಳಿನ ಬಾಯಿ ಗಾಳಿಗೆ ಎದುರಾಗಿದ್ರೆ ಒಳಗೆ ಪೈಲ್ವಾನ್ ಇದ್ದಂಗೆ ಉಬ್ಬುತ್ತೆ. ಬೆನ್ನು ಮಾಡಿದ್ರೆ ಒಳಗಿದ್ದ ಗಾಳೀನೂ ಹೀರಿಕೊಂಡು ಚಪ್ಪಟೆ ಆಗುತ್ತೆ. ನಿನ್ನ ಸೌಟಿನ ಬಾಯಿ ಯಾವ ಕಡೆ?"

ದೋಣಿಯಕ್ಕ ಹಣೆ ಚಚ್ಚಿಕೊಂಡಳು.

ಸೌಟಿನ ಬಾಯಿ ಹಿಂದಕ್ಕಿತ್ತು. ಕೂರಿಸಿದ್ದು ಅವಳೇ. ಆ ದಡದವರೆಲ್ಲರ ಕೈಗೆ ಅಂಟಿದ ಅಭ್ಯಾಸವದು. ಸರೋವರದ ತುಂಬ ಜೊಂಡು; ದೋಣಿಯ ತಳದಲ್ಲಿ ಏನೇ ಕೂರಿಸಿದರೂ, ಕೊಕ್ಕೆಯಿರಲಿ ಕೊಳವೆಯಿರಲಿ, ಬಾಯಿ ಹಿಂದಕ್ಕೇ ಇರಬೇಕು, ಮುಂದಕ್ಕಿದ್ದರೆ ಜೊಂಡು ಮೆತ್ತಿಕೊಳ್ಳುತ್ತದೆ. ಅಪ್ಪ ಕಲಿಸಿದ್ದು, ಅವಳೂ ಎಷ್ಟೋ ಜನರಿಗೆ ಗದರಿ ಕಲಿಸಿದ್ದಳು. ನಿಧಾನದ ದೋಣಿಗಳಿಗೆ ಅದು ಸರಿಯೂ ಆಗಿತ್ತು. ಜೋರಾಗಿ ಓಡುವಾಗ ಹಿಂದಕ್ಕೆ ತೆರೆದ ಬಾಯಿ ನೀರು ಕುಡಿಯುವ ಬದಲು, ಪಂಪಿನೊಳಗಿದ್ದ ನೀರನ್ನೂ ಹೊರಗೆ ಕಕ್ಕುತ್ತದೆ, ಮೇಲಿನಿಂದ ಗಾಳಿ ಬಂದು ಆ ಜಾಗದಲ್ಲಿ ಕೂರುತ್ತದೆ ಎಂದು ಯಾರು ಕಂಡಿದ್ದರು?

ದೋಣಿಯನ್ನು ಮರಳಿಗೆ ಎಳೆದು ಮಗ್ಗುಲಾಗಿಸಿದರು. ಅವಳು ತಿರುಪು ಬಿಚ್ಚಿ, ಹಳೆಯ ಅಂಟು ಕೆರೆದು, ಸೌಟನ್ನು ಮುಂದಕ್ಕೆ ತಿರುಗಿಸಿ ಹೊಸ ಅಂಟು ಮೆತ್ತಿದಳು. ಬಾಯಿಗೆ ಅಡ್ಡಲಾಗಿ ತಂತಿಯ ಜಾಲರಿ ಬಿಗಿದಳು. ಪಕ್ಕದ ದೋಣಿಯವನು ನೋಡಿ ನಕ್ಕ. "ಏನಕ್ಕಾ, ನಮಗೆ ಹಿಂದಕ್ಕೆ ಅಂತ ಪಾಠ ಹೇಳಿ ನೀನು ಮುಂದಕ್ಕೆ ಬಾಯಿ ಬಿಡಿಸ್ತಿದ್ದೀಯಾ? ಜೊಂಡು ತಿನ್ನುತ್ತೆ ನೋಡ್ತಿರು!"

"ತಿಂದ್ರೆ ಬಾಯಿ ತೊಳೆಸ್ತೀನಿ ಬಿಡೋ" ಎಂದಳು. ದನಿ ಮಾತ್ರ ಎಂದಿನಷ್ಟು ಗಟ್ಟಿಯಿರಲಿಲ್ಲ.

ಶನಿವಾರ ಬಂತು. ಆ ವಾರ ಬಲೆಗೆ ಬಿದ್ದ ತುಟಿಮೀನುಗಳೆಲ್ಲ ತೊಟ್ಟಿಯಲ್ಲಿದ್ದವು. ಈ ಸಲ ಚುಕ್ಕಾಣಿ ಅವಳ ಕೈಯಲ್ಲಿ, ತೊಟ್ಟಿಯೊಳಗೆ ದರ್ಜಿಯ ತಲೆ. ಅವನು ಕ್ರಿಕೆಟ್ ಕಾಮೆಂಟರಿಯ ಹಾಗೆ ಕೂಗುತ್ತಿದ್ದ: "ಬರ್ತಿದೆ... ಬರ್ತಿದೆ... ಜೋರಾಗೇ ಬರ್ತಿದೆ! ಒಂದು ಮೀನು ನನ್ನೇ ಗುರಾಯಿಸ್ತಿದೆ ಕಣೆ!"

ನಡುನೀರಿನಲ್ಲಿ ಅವನ ದನಿ ಬದಲಾಯಿತು. "ಸಣ್ಣಗಾಯ್ತು. ಅಯ್ಯೋ, ತೀರಾ ಸಣ್ಣಗಾಯ್ತು!"

ಅವಳ ಲೆಕ್ಕಾಚಾರವೇ ತಪ್ಪಿತೇ? ಎಂಜಿನ್ ನಿಲ್ಲಿಸಿ, ಉದ್ದ ಹಿಡಿಯ ಬ್ರಷ್ಷನ್ನು ದೋಣಿಯ ಕೆಳಗೆ ತೂರಿಸಿ ಕೆರೆದಳು. ಜಾಲರಿಗೆ ಜಡೆಯಂತೆ ಸುತ್ತಿಕೊಂಡಿದ್ದ ಜೊಂಡು ಮೇಲೆ ಬಂತು. ಪಕ್ಕದ ದೋಣಿಯವನು ಹೇಳಿದ್ದು ಸುಳ್ಳಲ್ಲ. ಆದರೆ ಜೊಂಡು ಕಣ್ಣಿಗೆ ಕಾಣುವ ಶತ್ರು, ಕೈಗೆ ಸಿಗುವ ಶತ್ರು. ಮತ್ತೆ ಹೊರಟಾಗ ದರ್ಜಿ ಕಿರುಚಿದ: "ಬಂತು! ಬಂತು!" ದಾರಿಯಲ್ಲಿ ಆಗಾಗ ನಿಲ್ಲಿಸಿ ಹಾಗೇ ಕೆರೆಯುತ್ತಾ ಹೋದಳು. ತಡವಾಯಿತು, ಆಗಲಿ.

ಆಚೆ ದಡದಲ್ಲಿ ಡಾಕ್ಟರಮ್ಮ ಮೊಣಕಾಲುದ್ದ ನೀರಿಗಿಳಿದು ಕಾಯುತ್ತಿದ್ದಳು. ತೊಟ್ಟಿಗೆ ಕೈ ಹಾಕಿದ್ದೇ ತಡ, ಒಂದು ಮೀನು ಬಾಲದಿಂದ ಅವಳ ಕನ್ನಡಕಕ್ಕೆ ಬಾರಿಸಿತು. ಕನ್ನಡಕ ಒರೆಸಿಕೊಳ್ಳದೆಯೇ ಅವಳು ನಕ್ಕಳು. ಒಂದೊಂದಾಗಿ ಕೊಳಕ್ಕೆ ಬಿಟ್ಟರು. ಒಂದು ಮಾತ್ರ ಮಗ್ಗುಲಾಗಿ ವಾಲಿತು. ದೋಣಿಯಕ್ಕ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು, ಮೂತಿ ಮುಂದಾಗಿಸಿ ನೀರಿನಲ್ಲಿ ಮೆಲ್ಲನೆ ನಡೆಸಿದಳು. ಕಿವಿರು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಕೊನೆಗೆ ಅವಳ ಬೆರಳನ್ನು ನೂಕಿ ಆಳಕ್ಕೆ ಜಾರಿಕೊಂಡಿತು.

ಡಾಕ್ಟರಮ್ಮ ಫೋನು ಕಿವಿಗಿಟ್ಟು "ಲಾರಿ ಬೇಡ" ಎಂದಳು. ಆಮೇಲೆ ಇತ್ತ ತಿರುಗಿ, "ಬಂದಿರೋದೆಲ್ಲ ಹೆಣ್ಣೇ. ಬರೋ ಶನಿವಾರದೊಳಗೆ ಗಂಡು ಬೇಕು" ಎಂದಳು.

ದೋಣಿಯಕ್ಕ ತಲೆ ಕೆರೆದುಕೊಂಡಳು. ಇಷ್ಟು ವರ್ಷ ಹಿಡಿದ ಮೀನಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಅವಳು ನೋಡಿಯೇ ಇರಲಿಲ್ಲ. "ಗುರುತು ಹೇಗೆ?" ಎಂದಳು.

"ಬನ್ನಿ, ತೋರಿಸ್ತೀನಿ." ಡಾಕ್ಟರಮ್ಮ ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ದೋಣಿಯಕ್ಕ ಒದ್ದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳ ಪಕ್ಕದಲ್ಲೇ ಕೂತು, ನೀರಿನೊಳಗೆ ಬಗ್ಗಿ ನೋಡಿದಳು.