ಮುಖ ನೋಡಿ ಕೊಡೋದಲ್ಲ

‘ಚಪ್ಪಲಿ ಕಾಯೋ ಮನೇಲಿ ಇಂಜಿನಿಯರಾ? ಆಗಲ್ಲ. ಬೇಕಾದ್ರೆ ಬರ್ಕೊಡ್ತೀನಿ’ ಎಂದವರು ನನ್ನ ದೊಡ್ಡಪ್ಪ. ನಾನಿನ್ನೂ ಪಿಯುಸಿಯಲ್ಲಿದ್ದೆ. ಇಟ್ಟಮಡುವಿನ ನಮ್ಮ ಮನೆಯಲ್ಲಿ, ಅಮ್ಮ ಬಡಿಸಿದ ಮುದ್ದೆ ಮುರಿಯುತ್ತಲೇ ಹೇಳಿದರು. ನಮ್ಮಲ್ಲಿ ಅಲ್ಲಿಯವರೆಗೆ ಯಾರೂ ಡಿಗ್ರಿ ಕಂಡಿರಲಿಲ್ಲ, ನಿಜ. ಬನಶಂಕರಿಯಲ್ಲಿ ದೇವಸ್ಥಾನಕ್ಕೆ ಬರುವವರ ಚಪ್ಪಲಿ ಕಾಯುವುದು ಅಮ್ಮನ ಕೆಲಸ. ಅದಕ್ಕೆ ನಾಚಿಕೆಪಟ್ಟವಳಲ್ಲ ನಾನು.

ಇಂಜಿನಿಯರಿಂಗಿನ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಒಂದು ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಬರೆಯಲು ಹೊರಟೆ. ಅದು ಕಾಲೇಜು ಲೈಬ್ರರಿಯ ಸೈಟಿಗೆ ನನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ತಾನೇ ಲಾಗಿನ್ ಆಗಿ, ನಾನು ಹಿಂದಿರುಗಿಸಬೇಕಾದ ಪುಸ್ತಕಗಳನ್ನು ತೋರಿಸಬೇಕಿತ್ತು. ಲಾಗಿನ್ ಆಗುತ್ತಿತ್ತು. ಪುಸ್ತಕ ಕೇಳಿದ ಕೂಡಲೇ ‘ಯಾರು ನೀನು?’ ಎಂಬಂತೆ ಸೈಟು ಮತ್ತೆ ಲಾಗಿನ್ ಪುಟಕ್ಕೇ ತಳ್ಳುತ್ತಿತ್ತು. ಪಾಸ್‌ವರ್ಡ್ ಬದಲಾಯಿಸಿದೆ, ಇಡೀ ಕೋಡ್ ಅಳಿಸಿ ಬರೆದೆ. ಊಹೂಂ.

‘ಸೈಟಿಗೂ ನಿನ್ಮೇಲೆ ನಂಬಿಕೆ ಇಲ್ಲ ಮಗಾ’ ಎಂದು ಗೆಳತಿ ನಕ್ಕಳು. ಗೈಡ್ ಮೇಡಂ ನಗಲಿಲ್ಲ. ‘ಸೋಮವಾರ ಡೆಮೊ. ಓಡ್ಲಿಲ್ಲ ಅಂದ್ರೆ ನಿನ್ ಡಿಗ್ರಿ ಮುಂದಿನ ವರ್ಷಕ್ಕೇ. ಸುಲಭದ್ದು ಯಾವ್ದಾದ್ರೂ ತಗೊ.’

ತೆಗೆದುಕೊಳ್ಳಲಿಲ್ಲ.

ಶುಕ್ರವಾರ ರಾಹುಕಾಲದ ನಿಂಬೆಹಣ್ಣಿನ ದೀಪಕ್ಕೆ ಜನ ಕಿಕ್ಕಿರಿದಿದ್ದರು. ಅಮ್ಮನ ಜೊತೆ ನಾನೂ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಚಪ್ಪಲಿಗೆ ಕೊಟ್ಟಿದ್ದ ನಂಬರಿನ ಬಿಲ್ಲೆ ಕಳೆದುಕೊಂಡ ಅಂಕಲ್ ಒಬ್ಬರು ರೇಗಿದರು: ‘ಈಗ ತಾನೇ ನಿನ್ ಕೈಗೇ ಚಪ್ಪಲಿ ಕೊಟ್ಟೆನಲ್ಲಮ್ಮ, ಮುಖ ಮರ್ತೋಯ್ತಾ?’

‘ಮುಖ ನೋಡಿ ಕೊಡೋದಲ್ಲ ಅಂಕಲ್, ಬಿಲ್ಲೆ ನೋಡಿ ಕೊಡೋದು. ಜೇಬಲ್ಲೇ ಇರತ್ತೆ, ಹುಡುಕಿ.’

ಹೇಳಿದವಳು ನಾನೇ. ಹೇಳುತ್ತಿದ್ದಂತೆ ಲೈಬ್ರರಿಯ ಸೈಟು ನೆನಪಾಯಿತು. ಲಾಗಿನ್ ಆದವರಿಗೆ ಸೈಟು ಕೂಡ ಒಂದು ಗುರುತು ಕೊಡುತ್ತದೆ, ಕುಕ್ಕಿ ಎನ್ನುತ್ತಾರೆ. ಆಮೇಲೆ ಏನು ಕೇಳಿದರೂ ಅದನ್ನು ತೋರಿಸಿಯೇ ಕೇಳಬೇಕು. ನನ್ನ ಸ್ಕ್ರಿಪ್ಟು ಅದನ್ನು ಪಡೆದು ಅಲ್ಲೇ ಬಿಸಾಕಿ, ಬರಿಗೈಯಲ್ಲಿ ಪುಸ್ತಕ ಕೇಳುತ್ತಿತ್ತು. ಚಪ್ಪಲಿಗಳ ನಡುವೆಯೇ ಲ್ಯಾಪ್‌ಟಾಪ್ ತೆರೆದೆ. ಆ ಗುರುತನ್ನು ಜೋಪಾನವಾಗಿ ಇಟ್ಟುಕೊಳ್ಳುವ ಸಾಲು ಸೇರಿಸಿದೆ. ಪುಸ್ತಕಗಳು ಬಂದವು.

ಸೋಮವಾರ ಪರೀಕ್ಷಕರು ‘ಯಾರು ಹೇಳ್ಕೊಟ್ರು?’ ಎಂದರು.

‘ಯಾರೂ ಇಲ್ಲ ಸಾರ್. ಚಪ್ಪಲಿ ಸ್ಟ್ಯಾಂಡಲ್ಲಿ ಹೊಳೀತು’ ಎಂದೆ, ತಲೆ ತಗ್ಗಿಸದೆ.

ಪದವಿ ಪ್ರಮಾಣಪತ್ರ ಬಂದ ದಿನ ದೊಡ್ಡಪ್ಪನನ್ನು ಅಮ್ಮನೇ ಊಟಕ್ಕೆ ಕರೆದಳು. ಕೈ ತೊಳೆಯಲು ನೀರು ಕೊಟ್ಟಳು, ಒರೆಸಿಕೊಳ್ಳಲು ಟವೆಲ್ ಕೊಟ್ಟಳು, ಆಮೇಲೆ ಪ್ರಮಾಣಪತ್ರ ಕೊಟ್ಟಳು.

‘ಬರ್ಕೊಡ್ತೀನಿ ಅಂದಿದ್ರಲ್ಲ ಭಾವ,’ ಎಂದಳು. ‘ಯೂನಿವರ್ಸಿಟಿಯವ್ರು ಬೇರೆ ಥರ ಬರ್ಕೊಟ್ಟವ್ರೆ. ಓದಿ.’