ಎಡಕ್ಕೆ ಬರಬೇಕಾದ ಬಂಡೆಗಳು

ಅಮೆರಿಕದ ಯೂಟಾ ರಾಜ್ಯದ ಮುದುಕ ಆರ್ವಲ್ ಸೈಕಲ್ ಸವಾರಿಗೆ ದಾರಿ ಗೊತ್ತುಮಾಡಲು ಕೂತನೆಂದರೆ ಮರುಭೂಮಿಯ ಕೆಂಬಂಡೆಗಳು ಸವೆದು ಮರಳಾದಾವೇ ಹೊರತು ಅವನ ಲೆಕ್ಕಾಚಾರ ಮುಗಿಯದು. ಊಟದ ಮೇಜಿನ ತುಂಬ ನಕ್ಷೆ ಹರಡಿರುವುದರಿಂದ ಹೆಂಡತಿ ಲರೇನ್ ಮೂರು ತಿಂಗಳಿಂದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಾಳೆ. ಉತ್ತರದಿಂದ ಹೊರಡೋಣ ಎಂದವನು ಕಾಫಿ ಆರುವುದರೊಳಗೆ ದಕ್ಷಿಣದಿಂದ ಅನ್ನುತ್ತಾನೆ. "ಎದುರುಗಾಳಿ ಬಂದ್ರೆ?" ಎಂದು ಅವಳು ಕೇಳಿದರೆ, "ಬರ್ಲಿ ಬಿಡು. ಚೆಂದದ ಬಂಡೆಯೆಲ್ಲ ಎಡಕ್ಕೇ ಬರ್ಬೇಕು. ಈ ಹಾಳಾದವು ರಸ್ತೆಯ ಎರಡೂ ಕಡೆ ನಿಂತಿದಾವಲ್ಲೇ!" ಎಂದು ತಲೆ ಕೆರೆದುಕೊಳ್ಳುತ್ತಾನೆ. ಇಬ್ಬರೂ ಕೂತು ತುಳಿಯುವ ಜೋಡಿ ಸೈಕಲ್ಲಿನ ಹಿಂದಿನ ಸೀಟು ಲರೇನಳದು. ಅವಳ ಬಲಗಣ್ಣು ಈ ಚಳಿಗಾಲದಲ್ಲಿ ಹೋಯಿತು, ಎಡಗಣ್ಣೂ ಮಂಜಾಗುತ್ತಿದೆ. ನಿನ್ನೆ ಅವಳೇ ನಕ್ಷೆ ಮಡಚಿದಳು. "ಹೋದ ದಾರೀಲೇ ವಾಪಸ್ ಬರೋಣ ಮಾರಾಯ. ಹೋಗ್ತಾ ಒಂದು ಕಡೆ ನೋಡ್ತೀನಿ, ಬರ್ತಾ ಇನ್ನೊಂದು ಕಡೆ. ನೀನು ಸುಮ್ನೆ ತುಳಿ."